ಷಡ್ಡಕನ ದೋಣಿಯ ಕಪ್ಪು ಕಿಟಕಿ

ನನಗೆ ಹೊಟ್ಟೆಕಿಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಹೆಂಡತಿ ಗೀತಾ ಬೇರೆಯದನ್ನೇ ಹೇಳಿಕೊಂಡು ತಿರುಗುತ್ತಿದ್ದಾಳೆ.

ಹೊಳೆಹೊನ್ನೂರಿನ ಅತ್ತೆಯ ಮನೆಯಲ್ಲಿ ಟಿವಿ ಪಕ್ಕ ಒಂದು ಗಾಜಿನ ಷೋಕೇಸು ಇದೆ. ಅದರ ನಟ್ಟನಡುವೆ ನಾನು ಕೊಟ್ಟ ಗಂಧದ ಆನೆ ನಿಂತಿರುತ್ತಿತ್ತು. ಈ ಸಲ ಯುಗಾದಿಗೆ ಹೋದಾಗ ಆನೆ ಮೂಲೆಗೆ ಸರಿದಿತ್ತು. ಅದರ ಜಾಗದಲ್ಲಿ ಒಂದು ಪುಟ್ಟ ಮೋಟಾರು ದೋಣಿ! ಭದ್ರಾವತಿಯಲ್ಲಿರುವ ನನ್ನ ಷಡ್ಡಕ ನಾಗರಾಜ, ಅಂದರೆ ಗೀತಾಳ ತಂಗಿಯ ಗಂಡ, ಕೈಯಾರೆ ಮಾಡಿದ್ದಂತೆ. ಕಿಟಕಿಗಳಿಗೆ ದೊಡ್ಡವರ ಕಾರಿಗಿರುವಂಥ ಕಪ್ಪು ಗಾಜು. ಬಂದವರೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದರು.

"ಕಿರಿ ಅಳಿಯಂದ್ರ ಕೈಕೆಲಸ ನೋಡಿ" ಎಂದು ಅತ್ತೆ ಹೋಳಿಗೆಯ ಜೊತೆ ಅದನ್ನೂ ಬಡಿಸುತ್ತಿದ್ದರು. ಹಿರಿ ಅಳಿಯನಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

"ಅದೇನ್ ಮಹಾ ಅತ್ತೆ, ನಾನೂ ಒಂದು ಮಾಡ್ಕೊಂಡು ಬರ್ತೀನಿ."

"ತನ್ನಿ, ಚೆನ್ನಾಗಿದ್ರೆ ನಡುವೆ ಅದನ್ನೇ ಇಡೋಣ."

ಶಿವಮೊಗ್ಗದಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಕಿಟಕಿಗಾಜಿಗೇನು ಬರ? ಷರ್ಟಿನ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಕತ್ತರಿಸಿದರಾಯಿತು. ದೋಣಿಯ ಒಡಲು ಆನ್‌ಲೈನಿನಲ್ಲಿ ಬಂತು. ಉಳಿದದ್ದು ಕಪ್ಪು ಬಣ್ಣ ಮಾತ್ರ. ಮಾರ್ಕರ್ ಪೆನ್ನಿನಿಂದ ಬಳಿದೆ. ಗೆರೆಗೆರೆಯಾಗಿ ಜೈಲಿನ ಕಿಟಕಿಯಾಯಿತು. ತಲೆಗೂದಲಿಗೆ ಹಚ್ಚುವ ಬಣ್ಣ ಬಳಿದೆ. ಅದು ಪ್ಲಾಸ್ಟಿಕ್ಕನ್ನು ಬಿಟ್ಟು ನನ್ನ ಬೆರಳುಗಳಿಗೆ ಹಿಡಿಯಿತು. ಆಗ ಹೊಸಮನೆ ಬಡಾವಣೆಯ ನಮ್ಮ ಗೇಟಿನ ಮುಂದೆ ನಿಂತಿದ್ದ ನನ್ನದೇ ಕಾರಿನ ಮೇಲೆ ಕಣ್ಣು ಬಿತ್ತು. ಎಡಗಡೆಯ ಗಾಜಿಗೆ ಕಪ್ಪು ಫಿಲ್ಮ್ ಇತ್ತು. ಬ್ಲೇಡು ಹಿಡಿದು ಎಬ್ಬಿಸತೊಡಗಿದೆ.

"ರೀ, ಕಾರಿಗೆ ಯಾಕ್ರೀ ಕ್ಷೌರ ಮಾಡ್ತಿದೀರಾ?" ಎಂದಳು ಗೀತಾ.

"ಒಂಚೂರು ಫಿಲ್ಮ್ ಸಾಕು."

"ಅದಕ್ಕೆ ನಾನು ಕೂರೋ ಕಡೇನೇ ಆಗ್ಬೇಕಿತ್ತಾ?"

ಫಿಲ್ಮ್ ಚಿಂದಿ ಚಿಂದಿಯಾಗಿ ಬಂತು. ಅದರಲ್ಲೇ ಒಳ್ಳೆಯ ತುಂಡುಗಳನ್ನು ಆರಿಸಿ, ಪ್ಲಾಸ್ಟಿಕ್ಕಿಗೆ ಮೆತ್ತಿ, ಚೌಕಟ್ಟಿನಲ್ಲಿ ಕೂರಿಸಿ, ಕ್ಷಣದಲ್ಲಿ ಕಚ್ಚಿಕೊಳ್ಳುವ ಗೋಂದನ್ನು ಒಳಗಿನಿಂದ ಧಾರಾಳವಾಗಿ ಸುರಿದೆ. ಆಹಾ, ಏನು ಕಿಟಕಿ! ನಾಗರಾಜನ ಮುಖ ಹೇಗಾಗಬಹುದೆಂದು ನೆನೆದು ಒಬ್ಬನೇ ನಕ್ಕೆ.

"ಗೋಂದು ಒಣಗ್ಲಿ, ಗಾಳಿಗಿಡಿ" ಎಂದಳು ಗೀತಾ.

"ಗಾಳಿಗಿಟ್ರೆ ನಾಲ್ಕು ಜನ ನೋಡ್ತಾರೆ. ದೃಷ್ಟಿ ಆಗುತ್ತೆ ಮಾರಾಯ್ತಿ."

ದೋಣಿಯನ್ನು ಸೂಟಿನ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಟೇಪು ಹಾಕಿದೆ. ಭದ್ರಾವತಿಯ ಕಣ್ಣು ಮೊದಲೇ ಬೀಳಬಾರದೆಂದು ಮೇಲೊಂದು ಪ್ಲಾಸ್ಟಿಕ್ ಚೀಲವನ್ನೂ ಬಿಗಿದೆ.

ಮರುದಿನ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿದ್ದರು, ನಾಗರಾಜನೂ ಇದ್ದ. ನಾನು ಶಾಸ್ತ್ರೋಕ್ತವಾಗಿ ಟೇಪು ಕಿತ್ತು ಮುಚ್ಚಳ ತೆಗೆದೆ. ಕಿಟಕಿಗಳೆಲ್ಲ ಬೆಳ್ಳಗಾಗಿದ್ದವು!

ಅತ್ತೆ ಕನ್ನಡಕ ಹಾಕಿಕೊಂಡರು. "ಇದೇನಪ್ಪ, ವಿಭೂತಿ ಹಚ್ಚಿ ತಂದಿದೀರಾ?"

ಬೆರಳಿನಿಂದ ಉಜ್ಜಿದೆ. ಇನ್ನಷ್ಟು ಮಬ್ಬಾಯಿತು. ನಾಗರಾಜ ಬಗ್ಗಿ ಮೂಸಿದ.

"ಗೋಂದು ಹಾಕಿ ಪೆಟ್ಟಿಗೆ ಮುಚ್ಚಿಬಿಟ್ರಾ ಭಾವ? ಅದರ ಆವಿ ಹೊರಗೆ ಹೋಗದಿದ್ರೆ ಹಿಂಗೇ ಬಿಳಿ ಕೂತ್ಕೊಳ್ಳುತ್ತೆ."

ಹಾಳಾದವನು ನಗಲೂ ಇಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

"ನಿನಗೆ ಆ ಕಪ್ಪು ಫಿಲ್ಮ್ ಎಲ್ಲಿ ಸಿಕ್ತು ಮಾರಾಯ?" ಎಂದು ಕೇಳಿದೆ.

"ಫಿಲ್ಮ್ ಎಲ್ಲಿದೆ ಭಾವ? ಬರೀ ಪ್ಲಾಸ್ಟಿಕ್. ಅದರ ಹಿಂದೆ ಕಪ್ಪು ಕಾಗದ ಇಟ್ಟಿದೀನಿ, ಅಷ್ಟೇ."

ಗೀತಾ ಹೊರಗೆ ನಿಂತಿದ್ದ ಕಾರಿನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಕೊನೆಗೆ ಅತ್ತೆ ನನ್ನ ದೋಣಿಯನ್ನೂ ಷೋಕೇಸಿನ ನಡುವೆಯೇ ಇಟ್ಟರು. ಒಂದು ಕ್ಷಣ ನನ್ನ ಎದೆ ಉಬ್ಬಿತು.

"ಇದು ಹಿಂದುಗಡೆ ಇರ್ಲಿ" ಎಂದರು. "ಬಿಳೀದು ಹಿಂದಿದ್ರೆ ನಾಗರಾಜನ್ದು ಎದ್ದು ಕಾಣುತ್ತೆ."

ನಿಜಕ್ಕೂ ಎದ್ದು ಕಾಣುತ್ತಿತ್ತು.

ವಾಪಸು ಬರುವಾಗ ಚಿಂದಿ ಫಿಲ್ಮಿನ ಸಂದಿಯಿಂದ ಬಿಸಿಲು ಗೀತಾಳ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಸೆರಗು ಅಡ್ಡ ಹಿಡಿದುಕೊಂಡು ಒಂದೇ ಮಾತು ಹೇಳಿದಳು.

"ನಾಗರಾಜನ್ನ ಕೇಳಿ ಒಂದು ಕಪ್ಪು ಕಾಗದ ಇಸ್ಕೊಂಡು ಬರಬೇಕಿತ್ತು."

ಕೇಳಿದ್ದರೆ ಕೊಡುತ್ತಿದ್ದ. ಅಂಟಿಸಿಯೂ ಕೊಡುತ್ತಿದ್ದ. ಅವನು ಅಷ್ಟು ಒಳ್ಳೆಯವನು. ನನಗೆ ತಡೆಯಲಾಗದ್ದು ಅದೇ.