ಬಸುರಿಯ ಬೆಂಗಾವಲು

ಹೆಂಡತಿಗೆ ಆರನೇ ತಿಂಗಳು ಹಿಡಿದ ದಿನವೇ ಕಿಯೋಹಿಕೊ ಮನೆಯಲ್ಲಿ ನಿಷೇಧಾಜ್ಞೆ ಜಾರಿ ಮಾಡಿದ. ಬಗ್ಗಕೂಡದು, ಭಾರ ಎತ್ತಕೂಡದು, ಮನೆಯ ಹಿಂದಿನ ಮೆಟ್ಟಿಲ ಕಡೆ ತಿರುಗಿಯೂ ನೋಡಕೂಡದು. ಮೆಟ್ಟಿಲೆಂದರೆ ಮೂರು ನಾಲ್ಕಲ್ಲ, ನೂರ ಎಂಬತ್ತನಾಲ್ಕು. ನಾಗಸಾಕಿಯ ಆ ಗುಡ್ಡದ ಮೇಲಿನವರಿಗೆ ಅದೇ ರಾಜಬೀದಿ.

ಕಷ್ಟವೇನೆಂದರೆ, ಹೆಂಡತಿ ಚಿತೋಸೆ ಅಂಚೆ ಹಂಚುವವಳು. ಗಾಡಿ ಹತ್ತದ ಆ ಗುಡ್ಡವನ್ನು ಹನ್ನೊಂದು ವರ್ಷ ಹೆಗಲಿಗೆ ಚೀಲ ಹಾಕಿಕೊಂಡು ಹತ್ತಿ ಇಳಿದವಳು. ಅಂಥವಳನ್ನು ರಜೆ ಹಾಕಿಸಿ ಕೂರಿಸಿದರೆ ಕೂತಾಳೆಯೇ? ಎರಡು ಕೋಣೆಯ ಮನೆಯಲ್ಲಿ ಶತಪಥ ತಿರುಗಿ ತಿರುಗಿ ಚಾಪೆ ಸವೆಸಿದಳು. ಕಾಲು ಊದಿತು, ನಿದ್ದೆ ಹಾರಿತು, ಸಿಟ್ಟು ಮಾತ್ರ ದುಂಡುದುಂಡಾಗಿ ಬೆಳೆಯಿತು. (ಹೊಟ್ಟೆಗಿಂತ ಜೋರಾಗಿ.)

ಎರಡು ವಾರ ಕಳೆದು ಡಾಕ್ಟರಮ್ಮ ಪರೀಕ್ಷೆ ಮಾಡಿ, "ಎಲ್ಲಾ ಚೆನ್ನಾಗಿದೆ. ದಿನಾ ಅರ್ಧ ಗಂಟೆ ನಡೀಬೇಕು," ಎಂದರು.

"ಮನೆ ಒಳಗೆ ತಾನೆ?" ಎಂದ ಕಿಯೋಹಿಕೊ.

"ಹೊರಗೆ. ರೂಢಿ ಇರೋ ಮೆಟ್ಟಿಲಾದ್ರೆ ಕಂಬಿ ಹಿಡ್ಕೊಂಡು ನಿಧಾನವಾಗಿ ಹತ್ತಲಿ. ಸುಸ್ತಾದ್ರೆ ಕೂತ್ಕೊಳ್ಳಲಿ."

ಅಪೀಲಿಗೆ ಮೇಲಿನ ಕೋರ್ಟು ಇರಲಿಲ್ಲ. "ಹಾಗಾದ್ರೆ ನಾನೂ ಬರ್ತೀನಿ!" ಎಂದು ಘೋಷಿಸಿದ.

ಭಾನುವಾರ ಬೆಳಿಗ್ಗೆ ದಿಗ್ವಿಜಯ ಯಾತ್ರೆ ಹೊರಟಿತು. ಕಂಬಿ ಹಿಡಿದು ಚಿತೋಸೆ ಮುಂದೆ, ಬೆನ್ನಿಗೆ ಚೀಲ ಬಿಗಿದ ಗಂಡ ಹಿಂದೆ. ಚೀಲದಲ್ಲಿ ಬಾರ್ಲಿ ಚಹಾ, ನಾಲ್ಕು ಅನ್ನದುಂಡೆ, ಕೊಡೆ, ಕಂಬಳಿ, ರಕ್ತದೊತ್ತಡ ನೋಡುವ ಯಂತ್ರ, ಮಡಚುವ ಕುರ್ಚಿ.

"ಏನ್ರೀ ಇದು, ಮನೆ ಖಾಲಿ ಮಾಡ್ತಿದೀವಾ?"

"ಮಾತಾಡ್ಬೇಡ, ಉಸಿರು ಉಳಿಸ್ಕೋ. ನೀನು ಬಿದ್ರೆ ಹಿಡಿಯೋಕೆ ನಾನು ಹಿಂದೇನೇ ಇರ್ತೀನಿ."

ಕನ್ನಡಕದ ಅಂಗಡಿಯಲ್ಲಿ ಕೂತು ಕೂತು ಬೆಳೆದ ದೇಹ ಅವನದು. ನಲವತ್ತನೇ ಮೆಟ್ಟಿಲಿಗೆ ಅವನ ಕನ್ನಡಕಕ್ಕೇ ಮಂಜು ಕವಿಯಿತು. ಎಂಬತ್ತಕ್ಕೆ ಬುದ್ಧಿಮಾತು ನಿಂತಿತು. ಚಿತೋಸೆ ಮಾತ್ರ ಬಾಗಿಲು ಬಾಗಿಲಿಗೂ ನಿಂತು ಎಲ್ಲರ ಕ್ಷೇಮ ವಿಚಾರಿಸಿದಳು. ಎರಡು ವಾರದಿಂದ ಕಾಣದ ನಗು ಅವಳ ಮುಖದಲ್ಲಿತ್ತು. ಅದನ್ನು ನೋಡಿ ಅವನಿಗೆ ಖುಷಿಯಾಯಿತು. ಹೇಳೋಣವೆಂದರೆ ಉಸಿರಿರಲಿಲ್ಲ.

ತುದಿ ಮುಟ್ಟಿದ್ದೇ ತಡ, ಅವನ ಎರಡೂ ಮೀನಖಂಡ ಹಿಡಿದುಕೊಂಡವು. ಕುರ್ಚಿ ಬಿಚ್ಚಿದವಳು ಬಸುರಿ, ಕುಸಿದು ಕೂತವನು ಬೆಂಗಾವಲು. ಮೂಲಂಗಿಗೆ ನೀರು ಹಾಕುತ್ತಿದ್ದ ಎಂಬತ್ತೆಂಟರ ಉಮೆನೊ ಅಜ್ಜಿ ಬೀಸಣಿಗೆ ಹಿಡಿದು ಓಡಿಬಂದಳು.

"ಅಯ್ಯೋ ಪಾಪ! ಎಷ್ಟು ತಿಂಗಳು?"

"ಆರು, ಅಜ್ಜಿ," ಎಂದಳು ಚಿತೋಸೆ.

"ನಿನ್ನನ್ನಲ್ಲ ಕಣೇ," ಎಂದಳು ಅಜ್ಜಿ, ಕಿಯೋಹಿಕೊನ ಹೊಟ್ಟೆ ನೋಡುತ್ತ.

ಅಜ್ಜಿ ನೀರು ತರಲು ಒಳಗೆ ಹೋದಾಗ ಅವನು ಮೆಲ್ಲಗೆ ಬಾಯಿಬಿಟ್ಟ. "ಒಂಬತ್ತು ವರ್ಷ ಕಾದಿದೀವಿ, ಚಿತೋಸೆ. ನೀನೆಲ್ಲಾದ್ರೂ ಜಾರಿದ್ರೆ ಅಂತ ನನಗೆ ಎದೆ ಹೊಡ್ಕೊಳ್ಳುತ್ತೆ."

"ಭಯ ನನಗಿಲ್ವಾ? ನಡೀವಾಗ ಕಮ್ಮಿ ಆಗುತ್ತೆ ರೀ. ನೀವು ಕೂರಿಸಿದಾಗಲೇ ಜಾಸ್ತಿ."

ಅವನು ಮೀನಖಂಡ ನೀವಿಕೊಳ್ಳುತ್ತ ತಲೆಯಾಡಿಸಿದ. "ದಿನಾ ನಡಿ. ಇನ್ನು ಅಡ್ಡ ಬರಲ್ಲ."

"ಅಡ್ಡ ಬರೋಕೂ ಎದ್ದು ನಿಲ್ಬೇಕಲ್ಲ!"

ಅದೇ ಆಗಲೊಲ್ಲದು. ನಿಂತರೆ ಕಾಲು ಗಡಗಡ. ಚೀಲವನ್ನು ಅಜ್ಜಿಯ ಮನೆಯಲ್ಲೇ ಬಿಟ್ಟು, ಕೊನೆಗೆ ಮಾನ ಮರ್ಯಾದೆಯನ್ನೂ ಅಲ್ಲೇ ಬಿಟ್ಟು, ಅವನು ಮೆಟ್ಟಿಲ ಮೇಲೆ ಕುಂಡೆಯೂರಿ ಒಂದೊಂದಾಗಿ ಇಳಿಯತೊಡಗಿದ. ಚಿತೋಸೆ ಪಕ್ಕದಲ್ಲೇ ಕಂಬಿ ಹಿಡಿದು ಕಾವಲು ನಡೆದಳು. ಕಿಟಕಿಗಳೆಲ್ಲ ತೆರೆದುಕೊಂಡವು.

ಅಜ್ಜಿ ಮೇಲಿನಿಂದ ಕೂಗಿದಳು: "ಅವನ ಪಾಡಿಗೆ ಅವನನ್ನ ಬಿಡು ಚಿತೋಸೆ! ಕೂಸು ಮೆಟ್ಟಿಲು ಇಳಿಯೋದು ಹೀಗೇ. ಹೇಳ್ಕೊಡೋಕೆ ಅಪ್ಪ ಈಗಲೇ ಕಲೀತಿದಾನೆ!"

ಗುಡ್ಡಕ್ಕೆ ಗುಡ್ಡವೇ ನಕ್ಕಿತು. ಕಿಯೋಹಿಕೊನೂ ನಕ್ಕ. ನಗುತ್ತಿದ್ದ ಚಿತೋಸೆ ತಟ್ಟನೆ ನಿಂತು ಅವನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಪುಟ್ಟದೊಂದು ಒದೆ. ಮತ್ತೊಂದು.

ಅವನ ಮುಖ ಅರಳಿ ಮೊರದಗಲ ಆಯಿತು. "ನನ್ನ ಕೈಗೇ ಒದೀತಿದೆ! ಏನೋ ಹೇಳ್ತಿದೆ ಕಣೇ!"

"ಹೂಂ," ಎಂದಳು ಚಿತೋಸೆ. "ಬೇಗ ಇಳೀರಿ ಅಂತಿದೆ. ಇನ್ನೂ ನೂರ ಅರವತ್ತು ಮೆಟ್ಟಿಲಿದೆ."