ನಾಲ್ಕು ಪಿನ್ನು, ಒಂದು ಗಡಿಯಾರ

ಗಡಿಯಾರ ಸಾಹೇಬರಿಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ದೂರು. ಲೋಕ ಲೇಟು. ಅದರಲ್ಲೂ ತಮ್ಮ ಮನೆಯ ಹೆಂಗಸರು ಲೋಕಕ್ಕಿಂತ ಕಾಲು ಗಂಟೆ ಜಾಸ್ತಿ ಲೇಟು.

ಸಾಹೇಬರದ್ದು ಗಡಿಯಾರ ರಿಪೇರಿ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಎಳ್ಳಿಗಿಂತ ಸಣ್ಣ ತಿರುಪುಗಳೂ ಅವರ ಮಾತು ಕೇಳುತ್ತಿದ್ದವು. ಮನೆಯಲ್ಲಿ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅಂಗಡಿಯ ಗೋಡೆ ಮೇಲೆ ಅವರೇ ಕೈಯಾರೆ ಬರೆದ ಬೋರ್ಡೊಂದಿತ್ತು: 'ಆತುರದವರು ಬೇರೆ ಅಂಗಡಿ ನೋಡಿಕೊಳ್ಳಿ. ಗಡಿಯಾರವನ್ನು ಆಯಸ್ಕಾಂತದ ಹತ್ತಿರ ಇಡಬೇಡಿ.' (ಈ ಬೋರ್ಡು ಸ್ವಲ್ಪ ನೆನಪಿಟ್ಟುಕೊಳ್ಳಿ. ಸಾಹೇಬರು ಮರೆತುಬಿಟ್ಟರು.)

ಒಂದು ವಾರ ಅವರು ಗುಟ್ಟಾಗಿ ಒಂದು ಮಹಾ ಸಂಶೋಧನೆ ನಡೆಸಿದರು. ತೀರಿಹೋದ ಅಪ್ಪನ ಜೇಬುಗಡಿಯಾರ ಹಿಡಿದು, ಬಾಗಿಲ ಸಂದಿಯಲ್ಲಿ ನಿಂತು, ಮನೆಯಲ್ಲಿ ಯಾರ ಹಿಜಾಬಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದರು.

ಅಮ್ಮನದು ಒಂಬತ್ತು ಸೆಕೆಂಡು. ಬಿಳಿ ಹತ್ತಿ ಬಟ್ಟೆ ಒಮ್ಮೆ ಝಾಡಿಸಿ, ತಲೆ ಮೇಲೆಳೆದು, ತುದಿಯನ್ನು ಎಡಹೆಗಲಿಗೆ ಎಸೆದರೆ ಮುಗಿಯಿತು. ಪಿನ್ನಿಲ್ಲ, ಕನ್ನಡಿಯಿಲ್ಲ. ಐವತ್ತು ವರ್ಷದಲ್ಲಿ ಒಂದು ಸಲವೂ ಜಾರಿದ್ದಿಲ್ಲ. ಹೆಂಡತಿ ಮಕ್ಕಳ ವಾರ್ಡಿನ ನರ್ಸು. ಕಡುನೀಲಿ ಬಟ್ಟೆ, ಗದ್ದದ ಕೆಳಗೆ ಒಂದೇ ಸೇಫ್ಟಿ ಪಿನ್, ತುದಿಗಳೆಲ್ಲ ಕೋಟಿನೊಳಗೆ. ಸೂಜಿ ನೋಡಿದ ಮಕ್ಕಳು ಮೊದಲು ಹಿಡಿದೆಳೆಯುವುದೇ ನೇತಾಡುವ ತುದಿಯನ್ನು ತಾನೇ? ಎರಡು ನಿಮಿಷ. (ಆ ವಾರ ಬಂದಿದ್ದ ನಾದಿನಿ ತಲೆಗೆ ಏನೂ ಹಾಕಿಕೊಳ್ಳುವವಳಲ್ಲ. ಅವಳಿಗೆ ಕೂದಲು ಬಾಚಲು ನಲವತ್ತು ನಿಮಿಷ. ಅದನ್ನು ಸಾಹೇಬರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.)

ಮಗಳದು ಇಪ್ಪತ್ತೆರಡು ನಿಮಿಷ! ಉದ್ದನೆಯ ಬಟ್ಟೆ, ದಿನಕ್ಕೊಂದು ಬಣ್ಣ. ಕಿವಿ ಹತ್ತಿರ ಒಂದು ಪಿನ್, ಕೆನ್ನೆಯಂಚಿಗೆ ಒಂದು, ಹೆಗಲಿಗೆ ಎರಡು. ಒಂದು ದಿನ ನೆರಿಗೆ ಎದೆ ಮೇಲೆ ಇಳಿಬಿದ್ದರೆ, ಇನ್ನೊಂದು ದಿನ ಕತ್ತಿನ ಸುತ್ತ ಒತ್ತಾಗಿ ಕೂರುತ್ತಿತ್ತು.

"ಇಪ್ಪತ್ತೆರಡು ನಿಮಿಷದಲ್ಲಿ ನಾನೊಂದು ಗಡಿಯಾರ ಬಿಚ್ಚಿ ಜೋಡಿಸ್ತೀನಿ!" ಎಂದರು ಸಾಹೇಬರು.

"ಜೋಡಿಸಿ ಮಿಕ್ಕಿದ ಸ್ಕ್ರೂ ಮೊನ್ನೆ ನನ್ನ ಕಾಲಿಗೆ ಚುಚ್ಚಿತ್ತು," ಎಂದಳು ಹೆಂಡತಿ.

ಸಾಹೇಬರು ಸೋಲುವವರೇ? ಮಾರನೆಯ ದಿನ ಮಗಳು ಒಂದು ಶಾಲೆಗೆ ಹೋಗಿ ಮಾದರಿ ಪಾಠ ಮಾಡಬೇಕಿತ್ತು. ಪಾಠ ಒಪ್ಪಿಗೆಯಾದರೆ ವಿಜ್ಞಾನದ ಟೀಚರ್ ಕೆಲಸ. ಎರಡು ಕಡೆ ಆಗಲೇ ಬೇಡ ಅನ್ನಿಸಿಕೊಂಡು ಬಂದಿದ್ದಳು. ಹತ್ತು ಗಂಟೆ ಅಂದರೆ ಹತ್ತು ಗಂಟೆ, ಲೇಟಾದರೆ ಒಳಗೆ ಬಿಡುವುದಿಲ್ಲ ಎಂದು ಕಾಗದದಲ್ಲೇ ಬರೆದಿದ್ದರು. ಸಾಹೇಬರು ಸಂಜೆ ಪೇಟೆಗೆ ಹೋಗಿ ಹೊಸ ಯುಗವನ್ನೇ ಕೊಂಡುತಂದರು. ಗುಂಡಿಯಂಥ ಜೋಡಿ ಬಿಲ್ಲೆಗಳು, ಬಟ್ಟೆಯ ಆಚೆ ಒಂದು, ಈಚೆ ಒಂದು. ಟಕ್ ಅಂತ ಕಚ್ಚಿಕೊಳ್ಳುತ್ತವೆ.

"ಮ್ಯಾಗ್ನೆಟ್! ಎರಡೇ ಸೆಕೆಂಡು! ಇನ್ನು ಈ ಮನೇಲಿ ಪಿನ್ನಿನ ಕಾಟ ಮುಗೀತು!"

"ಪಿನ್ನು ನಿನಗೇನು ಕಾಟ ಕೊಡ್ತೋ? ಅದು ಇರೋದು ಅವಳ ತಲೇಲಿ," ಎಂದರು ಅಮ್ಮ.

ಸಾಹೇಬರು ಮಗಳಿಗೆ ಒಂದು ಜೋಡಿ ಕೊಟ್ಟು, ಅಕ್ಕಪಕ್ಕದವರಿಗೆ ತೋರಿಸಲಿಕ್ಕೆ ಇನ್ನೊಂದು ಜೋಡಿಯನ್ನು ಅಂಗಿಯ ಜೇಬಿಗೆ ಇಳಿಸಿ ಮಲಗಿದರು.

ಬೆಳಿಗ್ಗೆ ಎದ್ದು ಅದೇ ಜೇಬಿನಿಂದ ಅಪ್ಪನ ಗಡಿಯಾರವನ್ನು ಅರ್ಧ ಮೇಲೆತ್ತಿ ನೋಡಿದವರೇ ಕೂಗಿಕೊಂಡರು. "ಎಂಟೂ ನಲವತ್ತು! ಏಳ್ರೇ ಎಲ್ಲಾರೂ!"

"ಮೊಬೈಲಲ್ಲಿ ಏಳೂ ಹತ್ತು ತೋರಿಸ್ತಿದೆಯಲ್ರೀ?"

"ಮೊಬೈಲು ಚಾರ್ಜ್ ಇಲ್ದಿದ್ರೆ ಸಾಯೋ ಜಾತಿ. ಇದು ನಮ್ಮಪ್ಪನ ಗಡಿಯಾರ ಕಣೇ!"

ಹೆಂಡತಿ ಇಪ್ಪತ್ತಾರು ವರ್ಷದ ಅನುಭವಸ್ಥೆ. ವಾದ ಮಾಡುವುದಕ್ಕಿಂತ ಆಟೋ ಹತ್ತುವುದೇ ಸಲೀಸು ಎಂದು ಬ್ಯಾಗು ಹೆಗಲಿಗೇರಿಸಿದಳು. ಮೊಮ್ಮಗಳಿಗೆ ಧೈರ್ಯ ಹೇಳಲು ಅಮ್ಮನೂ ಹೊರಟರು. ಮಗಳು ಕನ್ನಡಿ ಮುಂದೆ ನಿಂತಳೋ ಇಲ್ಲವೋ, ಸಾಹೇಬರು ಬಾಗಿಲಲ್ಲಿ "ಒಂದು, ಎರಡು" ಎಂದು ಎಣಿಸತೊಡಗಿದರು. ಪಾಪದ ಹುಡುಗಿ ಬಿಲ್ಲೆ ಟಕ್ ಅನ್ನಿಸಿಕೊಂಡು ಓಡಿ ಬಂದಳು.

ಮೊದಲ ಹಳ್ಳಕ್ಕೇ ಆಟೋ ಎಗರಿತು. ಒಳಗಿನ ಬಿಲ್ಲೆ ಎಲ್ಲೋ ಬಿತ್ತು. ಹೊರಗಿನ ಬಿಲ್ಲೆ ಮಡಿಕೆಯಲ್ಲಿ ಸಿಕ್ಕಿಕೊಂಡು, ಬಟ್ಟೆ ಸಮೇತ ಆಟೋದ ಕಬ್ಬಿಣದ ಸರಳನ್ನು ಅಪ್ಪಿಕೊಂಡಿತು.

"ಅಬ್ಬಾ! ಆಟೋ ನನ್ನ ಬಿಡ್ತಿಲ್ಲ!"

ಒಂದು ಕಡೆಯಿಂದ ಅಜ್ಜಿ ಎಳೆದರೆ, ಇನ್ನೊಂದು ಕಡೆಯಿಂದ ಸರಳು ಎಳೆಯಿತು. ಶಾಲೆ ಬರುವ ಹೊತ್ತಿಗೆ ಆ ತಿಳಿಹಸಿರು ಬಟ್ಟೆ ಒಗೆದು ಹಿಂಡಿದ ಹಾಗಿತ್ತು. ಮಗಳ ಕಣ್ಣಲ್ಲಿ ನೀರು.

ಗೇಟಿಗೆ ಬೀಗ. ವಾಚ್‌ಮನ್ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಬಂದ. "ಏನ್ ಸಾರ್, ಏಳೂ ನಲವತ್ತಕ್ಕೇ ಬಂದ್ಬಿಟ್ರಿ? ಒಂಬತ್ತೂವರೆಗೆ ತೆಗೆಯೋದು."

"ಒಂಬತ್ತೂಕಾಲು ಕಣಯ್ಯಾ! ನೋಡು!" ಎಂದು ಸಾಹೇಬರು ಜಂಬದಿಂದ ಗಡಿಯಾರ ಹೊರತೆಗೆದರು.

ಗಡಿಯಾರದ ಬೆನ್ನಿಗೆ ಎರಡು ಬಿಲ್ಲೆಗಳು ಮರಿಗಳ ಹಾಗೆ ಕಚ್ಚಿಕೊಂಡು ಬಂದವು.

ಸಾಹೇಬರ ಮುಖ ಬಿಳಿಚಿತು. ಆಯಸ್ಕಾಂತ ತಾಗಿದರೆ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಹೊತ್ತಿಗಿಂತ ಮುಂದೆ ಓಡಲು ಶುರುಮಾಡುತ್ತದೆ ಎಂದು ಮೂವತ್ತು ವರ್ಷದಿಂದ ಗಿರಾಕಿಗಳನ್ನು ಬೈದವರು ಅವರೇ. ಬೋರ್ಡು ಬರೆದವರೂ ಅವರೇ. ರಾತ್ರಿಯಿಡೀ ಅಪ್ಪನ ಗಡಿಯಾರಕ್ಕೆ ಆಯಸ್ಕಾಂತದ ಹಾಸಿಗೆ ಹಾಸಿದವರೂ ಅವರೇ.

ಯಾರೂ ನಗಲಿಲ್ಲ. (ಅದೇ ಅವರಿಗೆ ಹೆಚ್ಚು ನೋವಾಗಿದ್ದು.) ಹೆಂಡತಿ ಬ್ಯಾಗಿನಿಂದ ಮುಲಾಮಿನ ಹಳೆ ಡಬ್ಬಿ ತೆಗೆದಳು. ಒಳಗೆ ಪಿನ್ನುಗಳು. "ಬಾ, ಕೂತ್ಕೋ. ಬೇಕಾದಷ್ಟು ಟೈಮಿದೆ. ನಿಮ್ಮ ಅಬ್ಬಾನೇ ಕೊಡಿಸಿದ್ದಾರೆ."

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಮಗಳು ಬಟ್ಟೆಯನ್ನು ಮೊಣಕಾಲ ಮೇಲೆ ತೀಡಿ ತೀಡಿ ನೇರ ಮಾಡಿದಳು. ಸಾಹೇಬರು ಇಷ್ಟು ಹತ್ತಿರದಿಂದ ಇದನ್ನು ನೋಡಿದ್ದೇ ಇಲ್ಲ. ಬಾಗಿಲ ಸಂದಿಯಿಂದ ಅವರಿಗೆ ಕಂಡದ್ದು ಬರೀ ಗಡಿಯಾರದ ಮುಳ್ಳು. ಮೊದಲ ಪಿನ್ ಚುಚ್ಚುವಾಗ ಅವಳ ತುಟಿ ಅಲ್ಲಾಡುತ್ತಿತ್ತು.

"ಏನಮ್ಮಾ ಅದು ಗುಣುಗುಣು?"

"ಪಾಠ ಅಬ್ಬಾ. ಒಂದೊಂದು ಪಿನ್ನಿಗೆ ಒಂದೊಂದು ಸಲ ಹೇಳ್ಕೋತೀನಿ. ನಾಲ್ಕನೇ ಪಿನ್ ಹೊತ್ತಿಗೆ ಒಂದು ಮಾತೂ ತಪ್ಪಲ್ಲ. ಆಮೇಲೆ ಕನ್ನಡೀಲಿ ಕಾಣೋದು ಹೆದರಿದ ಹುಡುಗಿ ಅಲ್ಲ, ನಾನು." ನಕ್ಕಳು. "ಸ್ಟೈಲೂ ಮಾಡ್ತೀನಿ, ಸುಳ್ಳ್ಯಾಕೆ ಹೇಳ್ಲಿ."

"ಮಾಡ್ಲಿ ಬಿಡು," ಎಂದರು ಅಮ್ಮ, ಮಗನ ಕಡೆ ತಿರುಗಿ. "ನಾನು ಎಡಹೆಗಲಿಗೆ ಎಸೆಯೋದು ಯಾಕೆ ಅನ್ಕೊಂಡೆ? ನಿಮ್ಮಪ್ಪಂಗೆ ಆ ಕಡೆ ಚೆಂದ ಕಾಣ್ತಿತ್ತು."

ಸಾಹೇಬರಿಗೆ ತಮ್ಮ ಅಂಗಡಿ ನೆನಪಾಯಿತು. ಗಡಿಯಾರ ಬಿಚ್ಚುವ ಮುಂಚೆ ಅವರೂ ಹಾಗೇ. ಬಟ್ಟೆ ಹಾಸಿ, ಚಿಮಟ ಒರೆಸಿ, ತಿರುಪುಗಳಿಗೆ ಜಾಗ ಮಾಡಿ, ಒಂದು ಉಸಿರು ಬಿಟ್ಟು ಕೂರಬೇಕು. ಆತುರ ಮಾಡಿದವರನ್ನು ಬೇರೆ ಅಂಗಡಿಗೆ ಓಡಿಸುತ್ತಿದ್ದರು. ಮನೆಯ ಹುಡುಗಿ ಎಲ್ಲಿಗೆ ಹೋಗಬೇಕಿತ್ತು?

ಹತ್ತಕ್ಕೆ ಮಗಳು ಒಳಗೆ ಹೊರಟಾಗ ನೆರಿಗೆ ನೆಟ್ಟಗಿತ್ತು, ಬೆನ್ನೂ ನೆಟ್ಟಗಿತ್ತು. ಎರಡು ಹೆಜ್ಜೆ ಇಟ್ಟವಳು ತಿರುಗಿದಳು. "ಅಬ್ಬಾ, ಆ ಗಡಿಯಾರ ಕೊಡಿ. ಬಿಲ್ಲೆ ಸಮೇತ. ಪಾಠ ಬದಲಾಯಿಸ್ತೀನಿ."

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಅವಳ ಧ್ವನಿ ಕೇಳಿತು. "ಇದನ್ನ ಮ್ಯಾಗ್ನೆಟ್ ಜೊತೆ ಜೇಬಲ್ಲಿ ಇಟ್ಕೊಂಡೋರು ಯಾವ ಕೆಲಸದವರು, ಹೇಳಿ ನೋಡೋಣ?" ಮಕ್ಕಳು ಏನೇನೋ ಕೂಗಿದವು. ಉತ್ತರ ಸಿಕ್ಕಿದಾಗ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹೊರಗೆ ವಾಚ್‌ಮನ್ನೂ ನಕ್ಕ.

ಕೆಲಸ ಸಿಕ್ಕಿತು.

ಸಾಹೇಬರು ಗಡಿಯಾರಕ್ಕೆ ಹತ್ತಿದ್ದ ಆಯಸ್ಕಾಂತದ ಗುಣ ಬಿಡಿಸಿ, ಅದನ್ನು ಅಮ್ಮನ ಕೈಗೆ ಒಪ್ಪಿಸಿದರು. ಪ್ರಾಯಶ್ಚಿತ್ತವಾಗಿ ಮಗಳಿಗೆ ಪಿನ್ ಹಿಡಿಯುವ ಹುದ್ದೆಯನ್ನೂ ವಹಿಸಿಕೊಂಡರು. ಮೊದಲು ಹಿಡಿಯುವುದಷ್ಟೇ ಇತ್ತು. ಆಮೇಲೆ "ಈ ಮಡಿಕೆ ಒಂದು ಕೂದಲೆಳೆ ಮೇಲೆ" ಎಂದು ಸಲಹೆ ಶುರುವಾಯಿತು. ಒಂದು ಸೋಮವಾರ ಭೂತಗನ್ನಡಿಯೂ ಕಣ್ಣಿಗೆ ಬಂತು.

"ಅಬ್ಬಾ, ಬೆಲ್ ಹೊಡೆಯುತ್ತೆ! ಸಾಕು!"

"ಇರಮ್ಮಾ, ನಾಲ್ಕನೇದು ನೇರ ಕೂರ್ತಿಲ್ಲ."

"ಮೂವತ್ತೊಂದು ನಿಮಿಷ," ಎಂದರು ಅಮ್ಮ, ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಾ.

"ಆತುರದವರು ಬೇರೆ ಅಂಗಡಿ ನೋಡಿಕೊಳ್ಳಲಿ!" ಎಂದರು ಸಾಹೇಬರು ಗತ್ತಿನಿಂದ.

"ಆಯ್ತು, ನೋಡ್ಕೋತೀನಿ," ಎಂದ ಮಗಳು ಮೂರು ಪಿನ್ನನ್ನೂ ಕಿತ್ತು ಅಜ್ಜಿಯ ಮುಂದೆ ಹೋಗಿ ಬಗ್ಗಿ ನಿಂತಳು. ಅಮ್ಮ ಬಟ್ಟೆ ಝಾಡಿಸಿ, ತಲೆ ಮೇಲೆಳೆದು, ತುದಿಯನ್ನು ಎಡಹೆಗಲಿಗೆ ಎಸೆದರು.

ಒಂಬತ್ತು ಸೆಕೆಂಡು. ಮಗಳು ಬೀದಿ ತಿರುವು ದಾಟಿದ ಮೇಲೂ ಸಾಹೇಬರು ನಾಲ್ಕನೇ ಪಿನ್ ಹಿಡಿದುಕೊಂಡು ಕನ್ನಡಿ ಮುಂದೆ ನಿಂತೇ ಇದ್ದರು. ಅವತ್ತು ಅಂಗಡಿ ಬಾಗಿಲು ತೆಗೆದದ್ದು ಲೇಟು.