ಟಿವಿಯವರು ಉಂಡುಹೋದ ಬಡತನ

ಹಳೆಯ ಟಿವಿ ಸಾಕ್ಷ್ಯಚಿತ್ರಗಳಲ್ಲಿ ಹಳ್ಳಿಯ ಬಡತನಕ್ಕೊಂದು ಸಮವಸ್ತ್ರವಿತ್ತು. ಬಿರುಕುಬಿಟ್ಟ ನೆಲ, ಹಣೆಗೆ ಕೈಯಿಟ್ಟು ಆಕಾಶ ನೋಡುವ ಮುದುಕ, ಹಿನ್ನೆಲೆಯಲ್ಲಿ ಅಳುವ ಕೊಳಲು. ಇವಿಲ್ಲದಿದ್ದರೆ ನೀವು ಎಷ್ಟೇ ಬಡವರಾಗಿದ್ದರೂ ಟಿವಿಗೆ ನಾಲಾಯಕ್ಕು. ಹಳೇಬೀಡಿನ ಹತ್ತಿರದ ನಮ್ಮೂರಲ್ಲಿ ನಿಜವಾದ ಬಡವರೂ ಇದ್ದರು. ಆದರೆ ಅವರು ಬೆಳಗಾಗುವ ಮೊದಲೇ ಕೂಲಿಗೆ ಹೋಗಿಬಿಡುತ್ತಿದ್ದರು, ಕ್ಯಾಮೆರಾದವರೋ ಏಳುವುದು ತಡವಾಗಿ. ಹೀಗಾಗಿ ಮನೆಯಲ್ಲಿ ಸಿಕ್ಕಿದವರೇ ಬಡವರಾಗಬೇಕಾಯಿತು. ಸಿಕ್ಕಿದ್ದು ನಮ್ಮವ್ವ.

ನಾನಾಗ ಚಡ್ಡಿ ಹಾಕುವ ಹುಡುಗ. ಬಡತನದ ಚಿತ್ರ ತೆಗೆಯಲು ಟಿವಿ ತಂಡವೊಂದು ನಮ್ಮೂರಿಗೆ ಬಂದ ಆ ವರ್ಷ ಕೆರೆ ತುಂಬಿತ್ತು. ಕೆರೆ ತುಂಬಿತೆಂದು ಮುಖ ಸಿಂಡರಿಸಿದವರನ್ನು ಆ ತಂಡದವರನ್ನು ಬಿಟ್ಟರೆ ನಾನು ಬೇರೆ ಕಂಡಿಲ್ಲ. ಕೊನೆಗೆ ಇಟ್ಟಿಗೆ ಗೂಡಿನ ಹಿಂದೆ ಒಣಗಿದ್ದ ಹೊಂಡವೊಂದನ್ನೇ ನಮ್ಮೂರ ಹೊಲವೆಂದು ಚಿತ್ರಿಸಿಕೊಂಡರು. ನಿರ್ದೇಶಕರು ಅವ್ವನಿಗೆ, "ಬಳೆ ತೆಗೀರಮ್ಮ, ಹರಿದ ಸೀರೆ ಇದ್ರೆ ಉಟ್ಕೊಳ್ಳಿ" ಎಂದರು. "ನಮ್ ಯಜಮಾನ್ರು ಗುಂಡ್ಕಲ್ಲಂಗವ್ರೆ, ಬಳೆ ಯಾಕ್ ತೆಗೀಲಿ?" ಎಂದು ಅವ್ವ ಸಿಡುಕಿದಳು. ಆದರೂ ಟಿವಿಯ ಆಸೆಗೆ ಕೊಟ್ಟಿಗೆ ಕೆಲಸದ ಸೀರೆ ಉಟ್ಟು, ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ ಅವರನ್ನೆಲ್ಲ ಕೂರಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದಳು. ಮಹಾಶಯರು ಎರಡೆರಡು ಮುದ್ದೆ ನುಂಗಿ, ಮಜ್ಜಿಗೆ ಕುಡಿದು, ತೇಗಿ ಹೊರಟರು.

ಕೆಲವು ತಿಂಗಳ ಮೇಲೆ ಪಟೇಲರ ಮನೆಯ ಟಿವಿ ಮುಂದೆ ಊರಿಗೆ ಊರೇ ಕೂತಿದ್ದಾಗ ಗಡಸು ದನಿಯೊಂದು ಹೇಳಿತು: "ಈ ಮನೆಯಲ್ಲಿ ಒಲೆ ಉರಿಯುವುದೇ ಅಪರೂಪ." ಉಂಡ ಮನೆಯ ಗಳ ಹಿರಿಯುವುದೆಂದರೆ ಇದೇ. ಬಂದವರನ್ನು ಉಣ್ಣಿಸದೆ ಕಳಿಸಿ ಗೊತ್ತಿಲ್ಲದ ಅವ್ವ ಅಂದು ತಲೆ ತಗ್ಗಿಸಿ ಮನೆಗೆ ಬಂದಳು.

ಮೊನ್ನೆ ಆ ಚಿತ್ರವನ್ನು ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿದರು. ಬೇಲೂರಿನ ನೆಂಟರು ಅದನ್ನು ನನಗೆ ಕಳಿಸಿದರು. ಕೆಳಗೊಬ್ಬರು, "ಪಾಪ, ಈಗಲಾದರೂ ಉಣ್ಣುತ್ತಾರಾ?" ಎಂದು ಬರೆದಿದ್ದರು. ಓದಿಸಿಕೊಂಡ ಅವ್ವ ಕೆಂಡವಾದಳು. "ನಾನ್ ಸಾಯೋದ್ರೊಳಗೆ ನಮ್ಮನೆ ಒಲೆ ಉರೀತಿತ್ತು ಅಂತ ನೀನೂ ಒಂದು ವಿಡಿಯೋ ಬಿಡ್ಲಾ!"

ನನಗೂ ಮೈಯುರಿದಿತ್ತು. ಮರುದಿನ ಫೋನು ಹಿಡಿದು ಅಡುಗೆಮನೆಗೆ ನುಗ್ಗಿದೆ. ಅವ್ವ ಮಾಸಿದ ಸೀರೆಯಲ್ಲಿ ಮುದ್ದೆ ತಿರುವುತ್ತಿದ್ದಳು.

"ಅವ್ವಾ, ರೇಷ್ಮೆ ಸೀರೆ ಉಟ್ಕೊ, ಸರ ಹಾಕ್ಕೊ. ಫ್ರಿಜ್ ಕಾಣೋ ಹಂಗೆ ಈ ಕಡೆ ನಿಂತ್ಕೊ. ಸ್ವಲ್ಪ ನಗು" ಎಂದೆ.

ಅವ್ವ ಕೋಲು ಕೆಳಗಿಡಲಿಲ್ಲ. "ಅವ್ರು ಬಳೆ ತೆಗಿ ಅಂದ್ರು, ನೀನು ಸರ ಹಾಕ್ಕೊ ಅಂತೀಯ. ಅವ್ರೂ ನೀನೂ ಒಂದೇ ಕಣ್ಲಾ. ಅವ್ರಾದ್ರೂ ಉಂಡ್ಮೇಲೆ ಸಾರು ಚೆನ್ನಾಗೈತೆ ಅಂದಿದ್ರು. ನೀನು ಒಂದಿನಾನೂ ಅಂದಿಲ್ಲ."